ಬೆನ್ನ ಮೇಲಿನ ಅಂಗೈ

ಇಸ್ತ್ರಿ ಪೆಟ್ಟಿಗೆ ಹುಟ್ಟಿದಂದಿನಿಂದ ಇಂದಿನವರೆಗೆ ಬಟ್ಟೆಯ ಮೇಲಿನ ಕಲೆಯನ್ನು ಪುಸ್ತಕದ ಹಾಗೆ ಓದಬಲ್ಲ ಮನುಷ್ಯ ಭೂಮಂಡಲದಲ್ಲಿ ಒಬ್ಬನೇ ಒಬ್ಬ. ಅವನ ಲಾಂಡ್ರಿ ಇದ್ದದ್ದು ಶಾಲೆಗೆ ಹೋಗುವ ರಸ್ತೆಯ ತಿರುವಿನಲ್ಲಿ. ಈ ಮಾತು ಹೇಳಿದವರು ಯಾರು ಎಂದು ಕೇಳಬೇಡಿ, ಅವನೇ ಹೇಳಿದ್ದು. ಆದರೆ ಎಷ್ಟು ಸಲ ಹೇಳಿದ್ದನೆಂದರೆ ಬೀದಿಗೆ ಬೀದಿಯೇ ನಂಬಿ, ಅಪ್ಪ ಅಮ್ಮ ಇಟ್ಟ ಹೆಸರನ್ನು ಮರೆತು, ಅವನನ್ನು ಪತ್ತೇದಾರ ಎಂದೇ ಕರೆಯುತ್ತಿತ್ತು.

ಒಂದು ಅಂಗಿ ಕೈಗೆ ಸಿಕ್ಕರೆ ಸಾಕು, ಕಾಲರ್ ಮೂಸಿ, ತೋಳು ತಿರುವಿ, ಬೆಳಕಿಗೆ ಹಿಡಿದು ಶುರು ಹಚ್ಚಿಕೊಳ್ಳುತ್ತಿದ್ದ. "ಈ ಯಜಮಾನ್ರು ಬಸ್ಸಲ್ಲಿ ನಿದ್ದೆ ಹೊಡೆದಿದಾರೆ. ಎದ್ದಾಗ ಸ್ಟಾಪು ದಾಟಿ ಹೋಗಿತ್ತು. ಓಡಿದಾರೆ. ಆಫೀಸಲ್ಲಿ ಬೈಸ್ಕೊಂಡಿದಾರೆ. ಓಡಿದ ಬೆವರೇ ಬೇರೆ ಕಣ್ರೀ, ಬೈಸ್ಕೊಂಡ ಬೆವರೇ ಬೇರೆ." ಯಜಮಾನರು ಎದುರಿಗೇ ನಿಂತಿದ್ದರೆ ಮುಖ ಕೆಂಪಗೆ ಮಾಡಿಕೊಂಡು, ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಹೊರಟುಹೋಗುತ್ತಿದ್ದರು. ಸುತ್ತಮುತ್ತ ಬೇರೆ ಲಾಂಡ್ರಿಯೇ ಇರಲಿಲ್ಲವಾದ್ದರಿಂದ ಮುಂದಿನ ವಾರ ಮತ್ತೆ ಬರುತ್ತಿದ್ದರು.

ಕಲೆ ತೆಗೆಯುವ ವಿಷಯಕ್ಕಂತೂ ಹೋಗಲೇಬೇಡಿ. ಶಾಯಿಗೊಂದು ಬಾಟಲಿ, ಗ್ರೀಸಿಗೊಂದು, ತುಕ್ಕಿಗೊಂದು. "ಚಂದ್ರನ ಮೇಲೂ ಒಂದು ಕಲೆ ಇದೆಯಲ್ಲ, ಇಲ್ಲಿಗೆ ತಂದುಕೊಡೋರು ಯಾರೂ ಇಲ್ಲ ಅಂತ ಸುಮ್ಮನಿದೀನಿ" ಎನ್ನುತ್ತಿದ್ದ.

ಇಂಥವನ ನಿದ್ದೆ ಕೆಡಿಸಿದ್ದು ಒಂದು ಪುಟಾಣಿ ಯೂನಿಫಾರ್ಮು. ಅವನ ಸ್ವಂತ ಮಗಳದ್ದು.

ಮೊದಲು ಕಂಡದ್ದು ಮೊಣಕಾಲಿನ ಹತ್ತಿರ. ಎರಡೂ ಕಡೆ ದುಂಡಗೆ, ಬೂದು ಬಣ್ಣದ ಜೇಡಿಮಣ್ಣು. ಬಿದ್ದರೆ ಒಂದು ಕಡೆ ಉದ್ದಕ್ಕೆ ತರಚಿಕೊಳ್ಳುತ್ತದೆ. ಆಟವಾಡಿದರೆ ಎಲ್ಲೆಂದರಲ್ಲಿ ಮೆತ್ತುತ್ತದೆ. ಇದು ಮಂಡಿಯೂರಿ ಬಹಳ ಹೊತ್ತು ಕೂತವರ ಕಲೆ. ಅದರ ಕೆಳಗೆ ಅಂಚಿನುದ್ದಕ್ಕೂ ಕೊಳೆ ನೀರು. ಪತ್ತೇದಾರ ಅದನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ. ಆ ಮೊಣಕಾಲು ಅವನಿಗೆ ಚೆನ್ನಾಗಿ ಗೊತ್ತಿದ್ದ ಮೊಣಕಾಲು.

ಅವನೂ ಅದೇ ಶಾಲೆಗೆ ಹೋದವನೇ. ಗಂಟೆ ಹೊಡೆದ ಕೂಡಲೇ ಉಳಿದ ಮಕ್ಕಳ ಕೈಗೆ ಸ್ಲೇಟು, ಬಟ್ಟೆ ಒಗೆಯುವವರ ಓಣಿಯ ಮಕ್ಕಳ ಕೈಗೆ ಪೊರಕೆ ಮತ್ತು ಬಕೆಟ್ಟು. "ಇವತ್ತು ಗುಡಿಸು, ನಾಳೆ ಓದುವಿಯಂತೆ" ಎನ್ನುತ್ತಿದ್ದರು ಆಗಿನ ಮೇಷ್ಟ್ರು. ಆ ನಾಳೆ ಎಂಥ ಸೋಮಾರಿ ಎಂದರೆ ಇವತ್ತಿನವರೆಗೂ ಬಂದಿಲ್ಲ. ಸಂಜೆ ಮನೆಗೆ ಹೋದರೆ ಅವನಮ್ಮ ಮಗನ ಮೊಣಕಾಲು ನೋಡಿ, ಏನೂ ಕೇಳದೆ, ಚಡ್ಡಿ ಬಿಚ್ಚಿಸಿ ನೀರಿಗೆ ಹಾಕುತ್ತಿದ್ದಳು. ಕಲೆ ಓದುವ ವಿದ್ಯೆ ಅವನಿಗೆ ಹತ್ತಿದ್ದೇ ಹಾಗೆ. ಮಗಳನ್ನು ಶಾಲೆಗೆ ಸೇರಿಸಿದ ದಿನ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡು ಹೇಳಿದ್ದ: "ಅಲ್ಲಿ ಇವಳ ಕೈಗೆ ಪೊರಕೆ ಬಂತೋ, ಅವತ್ತೇ ಕೊನೆ. ಮನೇಲೇ ಕೂರಿಸ್ತೀನಿ."

"ಅದಕ್ಕೇನಂತೆ, ಮಗೂಗೆ ಬಾಯಿ ಇದೆಯಲ್ಲ, ಕೇಳಿಬಿಡಿ" ಅಂದಳು ಹೆಂಡತಿ, ಈ ಮಣ್ಣಿನ ಕಲೆ ತೋರಿಸಿದಾಗ.

"ಪತ್ತೇದಾರ ಕೇಳಲ್ಲ ಕಣೇ. ಪತ್ತೆ ಮಾಡ್ತಾನೆ."

"ಮಾಡಿ ಮಾಡಿ. ಹೋದ ತಿಂಗಳು ಆ ಗುಮಾಸ್ತರಿಗೆ ಮದುವೆ ಗೊತ್ತಾಗಿದೆ ಅಂತ ಪತ್ತೆ ಮಾಡಿದ್ರಲ್ಲ, ಅವರಿಗೆ ಮೊಮ್ಮಗ ಹುಟ್ಟಿದ್ದ."

ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಪತ್ತೇದಾರ ತನಿಖೆ ಶುರುಮಾಡಿದ. ಮಗಳ ತರಗತಿಯ ಮಕ್ಕಳ ಯೂನಿಫಾರ್ಮೆಲ್ಲ ಒಗೆಯಲು ಬರುತ್ತಿದ್ದದ್ದು ಅವನ ಅಂಗಡಿಗೇ. ಡಾಕ್ಟರರ ಮಗನ ಪ್ಯಾಂಟು ತಿರುವಿ ನೋಡಿದ. ಮೊಣಕಾಲು ಹೊಸದರ ಹಾಗಿತ್ತು. ಬ್ಯಾಂಕ್ ಮ್ಯಾನೇಜರರ ಮಗಳದ್ದು ಒಗೆಯಲು ಯಾಕೆ ಕಳಿಸಿದರೋ ಎನ್ನುವಷ್ಟು ಬಿಳುಪು. ಇಡೀ ತರಗತಿಯಲ್ಲಿ ಮಣ್ಣಾದದ್ದು ಒಂದೇ ಮಗು, ಓಣಿಯ ಮಗು. ಅವನಿಗೆ ಇನ್ನೇನು ಬೇಕು?

ಆದರೆ ಇನ್ನೂ ಇತ್ತು. ಅಂಗಡಿಯಿಂದ ಸಾಮಾನು ಮಾಯವಾಗತೊಡಗಿತು. ಗಂಜಿ ಹಾಕಿ ಒಣಗಿಸಿದ್ದ ಹಳೆಯ ಕಾಲರ್ ತುಂಡುಗಳು, ಬಟ್ಟೆ ಒಣಹಾಕುವ ಹಗ್ಗದ ತುದಿ, ಡಬ್ಬಿಯಲ್ಲಿದ್ದ ಗುಂಡಿಗಳು. ಬೆಳಿಗ್ಗೆ ಮಗಳ ಚೀಲ ಹೊಟ್ಟೆ ಉಬ್ಬಿಸಿಕೊಂಡು ಹೋಗುತ್ತಿತ್ತು, ಸಂಜೆ ಹೊಟ್ಟೆ ಇಳಿಸಿಕೊಂಡು ಬರುತ್ತಿತ್ತು. ಕೆಲಸ ಮಾಡಿಸಿಕೊಳ್ಳುವುದಲ್ಲದೆ ಮನೆಯಿಂದ ಕದ್ದು ತಾ ಎನ್ನುತ್ತಿದ್ದಾರೆ! ಹೊಸದಾಗಿ ಬಂದಿದ್ದ ಟೀಚರ್ ಒಬ್ಬರು ದಾರಿಯಲ್ಲಿ ಕಂಡಾಗಲೆಲ್ಲ ಅವನಿಗೆ ನಮಸ್ಕಾರ ಹೇಳುತ್ತಿದ್ದರು. ಶಾಲೆಯ ಟೀಚರು ಲಾಂಡ್ರಿಯವನಿಗೆ ತಾನಾಗಿ ನಮಸ್ಕಾರ ಹೇಳುವುದೆಂದರೆ ಹಿಂದೆ ಏನೋ ಇರಲೇಬೇಕು ಎಂದು ಅವನಿಗೆ ಮೊದಲೇ ಅನುಮಾನವಿತ್ತು.

ಕೊನೆಗೆ ಒಂದು ಸಂಜೆ ಮಗಳು ಚೀಲ ಇಳಿಸಲು ತಿರುಗಿದಾಗ ಬೆನ್ನ ಮೇಲೆ ಕಂಡಿತು. ಭುಜದ ಕೆಳಗೆ, ಬಿಳಿಯ ಸೀಮೆಸುಣ್ಣದಲ್ಲಿ, ಐದೂ ಬೆರಳು ಮೂಡಿದ್ದ ಅಂಗೈ. ದಬ್ಬಿದ ಕೈ. ಹಿಂದಿನಿಂದ ದಬ್ಬಿ, ನಡಿ ಮುಂದೆ, ಒರೆಸು ಎಂದ ಕೈ. ಪತ್ತೇದಾರನಿಗೆ ಆ ಕೈ ತನ್ನ ಬೆನ್ನ ಮೇಲೇ ಬಿದ್ದ ಹಾಗಾಯಿತು.

"ನಾಳೆಯಿಂದ ಶಾಲೆ ಬೇಡ" ಅಂದ.

ಮಗಳ ಮುಖ ಬಾಡಿಹೋಯಿತು. "ಅಪ್ಪಾ, ನಾಳೆ ಒಂದಿನ ಬಿಡಪ್ಪಾ. ನಾಳೆ ಮುಗಿಯುತ್ತೆ."

"ಏನು ಮುಗಿಯುತ್ತೆ?"

"ಹೇಳಬಾರ್ದು. ಮುಗಿದ್ಮೇಲೆ ಎಲ್ಲರ ಅಪ್ಪ ಅಮ್ಮನ್ನೂ ಕರೀತೀವಿ."

"ಹೇಳಬಾರ್ದು ಅಂತ ಟೀಚರ್ ಹೆದರಿಸಿದಾರಾ?"

"ಇಲ್ಲಪ್ಪ, ನಾವೇ ಕೈ ಎತ್ತಿ ತೀರ್ಮಾನ ಮಾಡಿದ್ದು."

ಮಕ್ಕಳ ಕೈ ಎತ್ತಿಸಿ ಬಾಯಿ ಮುಚ್ಚಿಸುವ ಶಾಲೆ! ಎಂಥೆಂಥ ಕಲೆಗಳನ್ನು ಕಂಡಿದ್ದ ಪತ್ತೇದಾರ ಇಂಥ ಉಪಾಯವನ್ನು ಕಂಡಿರಲಿಲ್ಲ. "ಸರಿ, ನಾಳೆ ಒಂದಿನ ಹೋಗು" ಅಂದ. ಕಳ್ಳರನ್ನು ಕದಿಯುವಾಗಲೇ ಹಿಡಿಯಬೇಕೆಂದರೆ ಕಳ್ಳತನ ನಡೆಯಬೇಕಲ್ಲ.

ಮರುದಿನ ಅಂಗಡಿಗೆ ಹೆಂಡತಿಯನ್ನು ಕೂರಿಸಿ, ಇಸ್ತ್ರಿ ಮಾಡಿದ ಬಟ್ಟೆಯ ಗಂಟೊಂದನ್ನು ನೆಪಕ್ಕೆ ಹೆಗಲಿಗೇರಿಸಿ ಹೊರಟ. ಶಾಲೆಯ ಕಾರಿಡಾರಿನಲ್ಲಿ ಬೆಕ್ಕಿನ ಹೆಜ್ಜೆ ಇಟ್ಟ. ಅವನು ಎಷ್ಟು ಸದ್ದಿಲ್ಲದೆ ನಡೆದನೆಂದರೆ ಅವನ ನೆರಳಿಗೂ ಅವನು ಹೋದದ್ದು ಗೊತ್ತಾಗಲಿಲ್ಲ. ಮಗಳ ತರಗತಿಯ ಕಿಟಕಿಗೆ ಕಣ್ಣು ಹಚ್ಚಿದ.

ಬೆಂಚುಗಳೇ ಇರಲಿಲ್ಲ. ಎಲ್ಲವನ್ನೂ ಒಂದು ಮೂಲೆಗೆ ಪೇರಿಸಿಟ್ಟಿದ್ದರು. ಎದುರಿನ ನೆಲದ ಮೇಲೆ ಅವನ ಮಗಳು ಮಂಡಿಯೂರಿ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಒರೆಸುತ್ತಿದ್ದಳು. ಅವಳ ತಲೆಯ ಮೇಲೆ ಡಾಕ್ಟರರ ಮಗ ನಿಂತು, ಬೆರಳು ತೋರಿಸಿ, "ಅಲ್ಲಿ, ಅಲ್ಲಿ ಇನ್ನೂ ಸ್ವಲ್ಪ" ಎನ್ನುತ್ತಿದ್ದ.

ಪತ್ತೇದಾರನಿಗೆ ಬಾಗಿಲು ಎಲ್ಲಿದೆ ಎಂದೂ ಕಾಣಲಿಲ್ಲ, ಹೇಗೋ ಒಳಗಿದ್ದ. "ನಿಲ್ಲಿಸು! ಏಳಮ್ಮಾ ಮೇಲೆ!" ಎಂದು ಅವನು ಕೂಗಿದ ಕೂಗಿಗೆ ಪಕ್ಕದ ತರಗತಿಯ ಗೋಡೆಯ ಮೇಲಿದ್ದ ಗಡಿಯಾರ ನಿಂತುಹೋಯಿತಂತೆ. ಅದು ಮೊದಲೇ ನಿಂತಿತ್ತು ಎನ್ನುವವರೂ ಇದ್ದಾರೆ, ಇರಲಿ. ಕೂಗಿದವನೇ ದಾಪುಗಾಲು ಹಾಕಿ ಮಗಳತ್ತ ನುಗ್ಗಿದ. ಕಾಲಡಿ ಏನೋ ಪಚಕ್ಕೆಂದಿತು.

ಮಗಳ ಪಕ್ಕದಲ್ಲೊಬ್ಬ ಪುಟ್ಟ ಹುಡುಗಿ ಕೂತಿದ್ದಳು. ಅವಳು ತಲೆ ಎತ್ತಿದಳು, ಆದರೆ ಕಣ್ಣು ಅವನತ್ತ ಬರಲಿಲ್ಲ, ಬರುವ ಕಣ್ಣುಗಳಾಗಿರಲಿಲ್ಲ. ಅವಳು ಒಂದು ಕೈಯನ್ನು ನೆಲದ ಮೇಲೆ ಸರಿಸುತ್ತ ಬಂದು, ಅವನ ಚಪ್ಪಲಿಯ ತುದಿ ಮುಟ್ಟಿ, ತಣ್ಣಗೆ ಹೇಳಿದಳು: "ಯಾರೋ ಲಾಂಡ್ರಿ ಮೇಲೆ ನಿಂತಿದಾರೆ."

"ಅಪ್ಪಾ!" ಮಗಳು ಕಿರುಚಿದಳು. "ನಮ್ಮ ಅಂಗಡೀನೇ ತುಳಿದುಬಿಟ್ಟೆಯಲ್ಲಪ್ಪಾ!"

ಪತ್ತೇದಾರ ಕೆಳಗೆ ನೋಡಿದ. ನೆಲದ ತುಂಬ ಜೇಡಿಮಣ್ಣಿನ ಊರು ಹರಡಿತ್ತು. ಒದ್ದೆ ಬಟ್ಟೆಯಿಂದ ನುಣ್ಣಗೆ ತೀಡಿದ ನದಿ, ಅದರ ಮೇಲೆ ಕಡ್ಡಿಯ ಸೇತುವೆ. ಸಾಲಾಗಿ ಗುಂಡಿ ಒತ್ತಿದ್ದ ಬಸ್ ರಸ್ತೆ. ಮಾರುಕಟ್ಟೆ, ಆಸ್ಪತ್ರೆ, ಶಾಲೆ. ಶಾಲೆಯ ತಿರುವಿನಲ್ಲಿ ಒಂದು ಓಣಿ. ಓಣಿಯುದ್ದಕ್ಕೂ ಅವನ ಅಂಗಡಿಯ ಹಗ್ಗ, ಹಗ್ಗದ ಕೊನೆಗೆ ಗಂಜಿ ಹಾಕಿದ ಕಾಲರ್ ತುಂಡುಗಳ ಬಾವುಟ. ಆ ಬಾವುಟದ ಬುಡದಲ್ಲಿ, ರೊಟ್ಟಿಯ ಹಾಗೆ ಚಪ್ಪಟೆಯಾಗಿ, ಅವನ ಎಡಗಾಲಿನ ಕೆಳಗೆ, ಅವನ ಲಾಂಡ್ರಿ.

"ಇಷ್ಟು ದಿನ ಯಾರ ಮನೆಯಿಂದಾನೂ ಯಾರೂ ಬಂದು ವಿಚಾರಿಸಿರ್ಲಿಲ್ಲ" ಅಂದರು ಆ ನಮಸ್ಕಾರದ ಟೀಚರ್, ಹಿಂದಿನಿಂದ. ತಲೆಯೆಲ್ಲ ಸೀಮೆಸುಣ್ಣ, ದನಿಯಲ್ಲಿ ಸುಸ್ತು. "ಬಂದೋರು ನೀವೊಬ್ರು, ನೇರ ಊರೇ ತುಳಿದ್ರಿ. ಕಾಲೆತ್ತಿ ಸ್ವಾಮಿ."

ಅವನು ಕಾಲೆತ್ತಿದ. ಎಲ್ಲಿ ಇಡಬೇಕೆಂದು ತಿಳಿಯದೆ ಕೊಕ್ಕರೆಯ ಹಾಗೆ ನಿಂತ.

"ಪುಸ್ತಕದಲ್ಲಿರೋ ನಕ್ಷೆ ಇವಳಿಗೆ ಬರೀ ನುಣುಪು ಕಾಗದ" ಎಂದು ಟೀಚರ್ ಕಣ್ಣು ಕಾಣದ ಹುಡುಗಿಯ ಕಡೆ ನೋಡಿದರು. "ಕೈಯಲ್ಲಿ ಓದೋ ಊರು ಮಾಡೋಣ ಅಂದಿದ್ದು ನಿಮ್ಮ ಮಗಳೇ. ಮಾಡ್ತಾ ಮಾಡ್ತಾ ನೋಡಿದ್ರೆ, ಆ ನಕ್ಷೇಲಿ ನಿಮ್ಮ ಓಣೀನೇ ಇರ್ಲಿಲ್ಲ. ಅದನ್ನೂ ಇವರೇ ಹಾಕಿದ್ರು."

ಪತ್ತೇದಾರ ಅಷ್ಟಕ್ಕೆಲ್ಲ ಕರಗುವವನಲ್ಲ. "ಅದ್ಸರಿ ಟೀಚರ್, ಉಳಿದೋರ ಬಟ್ಟೆ ಬೆಳ್ಳಗಿದೆ, ನಮ್ಮ ಮಗೂದು ಮಾತ್ರ ಯಾಕೆ ಮಣ್ಣು?" ಎನ್ನುತ್ತ ಸುತ್ತ ನೋಡಿದ. ಉಳಿದ ಪ್ರತಿ ಮಗುವೂ ಯೂನಿಫಾರ್ಮಿನ ಮೇಲೆ ದೊಡ್ಡವರ ಹಳೆಯ ಅಂಗಿಯೊಂದನ್ನು ಮೊಣಕಾಲಿನ ಕೆಳಗಿನವರೆಗೆ ಇಳಿಬಿಟ್ಟುಕೊಂಡಿತ್ತು. ಡಾಕ್ಟರರ ಮಗನ ಮೈಮೇಲಿದ್ದದ್ದು ಡಾಕ್ಟರರದ್ದೇ. ಆ ಜೇಬಿನ ಶಾಯಿ ತೆಗೆದವನು ಇವನೇ.

"ಹಳೇ ಅಂಗಿ ತಂದು ಇಲ್ಲೇ ಇಟ್ಟಿರೋಕೆ ಎಲ್ಲರಿಗೂ ಹೇಳಿದ್ದೆ. ಇವಳು ಬೇಡವೇ ಬೇಡ ಅಂದ್ಲು. 'ನಮ್ಮಪ್ಪ ತೆಗೆಯೋಕಾಗದ ಕಲೆ ಈ ಭೂಮಿ ಮೇಲೇ ಇಲ್ಲ' ಅಂತ."

ಮಗಳು ತಲೆ ತಗ್ಗಿಸಿದಳು. "ನಮ್ಮನೇಲಿ ಇರೋದೆಲ್ಲ ಬೇರೆಯವರ ಅಂಗಿ ಅಲ್ವಾ ಅಪ್ಪಾ" ಅಂದಳು, ಅವನಿಗೊಬ್ಬನಿಗೇ ಕೇಳುವ ಹಾಗೆ.

ಅಷ್ಟು ಹೊತ್ತಿಗೆ ಕಣ್ಣು ಕಾಣದ ಹುಡುಗಿ ಎದ್ದು ನಿಂತಿದ್ದಳು. ಮಣ್ಣು ಅಂಟದಿರಲೆಂದು ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿದ್ದ ಕೈಯನ್ನು ಮಗಳ ಬೆನ್ನಿಗಿಟ್ಟು, "ನಡಿ, ನೀರಿನ ಹತ್ರ ಹೋಗೋಣ" ಅಂದಳು. ಭುಜದ ಕೆಳಗೆ, ಅದೇ ಜಾಗದಲ್ಲಿ. ಮಗಳು ಮುಂದೆ, ಅವಳು ಹಿಂದೆ, ಮಾರುಕಟ್ಟೆ ಬಳಸಿ, ಸೇತುವೆ ದಾಟಿ ಬಕೆಟ್ಟಿನ ಕಡೆ ನಡೆದರು.

ಪತ್ತೇದಾರ ಮಗಳ ಬೆನ್ನ ಮೇಲಿನ ಆ ಕೈಯನ್ನೇ ನೋಡುತ್ತ ನಿಂತ. ಆದರೂ ಬಕೆಟ್ಟು ಕಂಡದ್ದೇ ಹಳೆಯ ಅನುಮಾನ ಹೆಡೆ ಎತ್ತಿತು. "ಇದೆಲ್ಲ ಆದ್ಮೇಲೆ ಗುಡಿಸೋದ್ಯಾರು?"

ಟೀಚರ್ ಬಾಯಿ ತೆರೆಯುವ ಮೊದಲೇ ತರಗತಿ ಕೂಗಿತು. "ನಿನ್ನೆ ಟೀಚರು! ಇವತ್ತು ಇವನು!" ಎಲ್ಲರ ಬೆರಳೂ ಡಾಕ್ಟರರ ಮಗನ ಮೇಲೆ.

"ನಾನು ಎದುರಿಗಿದೀನಿ ಅಂತ ಹಾಗೆ ಹೇಳ್ತಿದೀರಾ. ನಾನು ನೋಡಿಕೊಂಡೇ ಹೋಗೋದು" ಅಂದ ಪತ್ತೇದಾರ.

"ಕೂತ್ಕೊಳ್ಳಿ. ಸುಮ್ನೆ ಕೂರಬೇಡಿ, ತುಳಿದಿದ್ದನ್ನ ಕಟ್ಟಿ" ಅಂದರು ಟೀಚರ್.

ಹೀಗೆ ಲೋಕದ ಏಕೈಕ ಪತ್ತೇದಾರ ಇಸ್ತ್ರಿ ಗಂಟನ್ನು ಪಕ್ಕಕ್ಕಿಟ್ಟು ಮಂಡಿಯೂರಿದ. ಮಣ್ಣು ಕಲಸಿದ, ಗೋಡೆ ಎಬ್ಬಿಸಿದ, ಮಹಡಿ ಏರಿಸಿದ, ಅದರ ಮೇಲೆ ಗೋಪುರ ಇಟ್ಟ. ಕಣ್ಣು ಕಾಣದ ಹುಡುಗಿ ಅವನ ಬೆನ್ನ ಮೇಲೆ ಕೈಯೂರಿ ಬಗ್ಗಿ, ಇನ್ನೊಂದು ಕೈಯಿಂದ ಕಟ್ಟಡವನ್ನೆಲ್ಲ ಸವರಿದಳು.

"ಇದು ಲಾಂಡ್ರಿನಾ?" ಅಂದಳು, ಪೂರಾ ಅನುಮಾನದಿಂದ.

"ಅಂಕಲ್, ನಮ್ಮ ಆಸ್ಪತ್ರೆಗಿಂತ ದೊಡ್ಡದು ಮಾಡಿದೀರ!" ಡಾಕ್ಟರರ ಮಗ ಗೊಣಗಿದ.

"ಅಪ್ಪಾ, ಸುಳ್ಳು ಹಾಕಿದ್ರೆ ಇವಳು ದಾರಿ ತಪ್ತಾಳೆ" ಅಂದಳು ಮಗಳು. ಪತ್ತೇದಾರ ಒಲ್ಲದ ಮನಸ್ಸಿನಿಂದ ಗೋಪುರ ಕಿತ್ತ. ಮಹಡಿ ಇಳಿಸಿದ. ಜೀವಮಾನದಲ್ಲಿ ಮೊದಲ ಸಲ ತನ್ನ ಅಂಗಡಿಯನ್ನು ಇದ್ದಷ್ಟೇ ಮಾಡಿದ.

ಕೊನೆಯ ಗಂಟೆ ಹೊಡೆಯಿತು. ಅವನು ತುಳಿದ ದೆಸೆಯಿಂದ ಊರು ಅವತ್ತು ಮುಗಿಯಲಿಲ್ಲ, ಇನ್ನೂ ಕೆಲವು ದಿನದ ಕೆಲಸ ಉಳಿಯಿತು. ಡಾಕ್ಟರರ ಮಗ ಪೊರಕೆ ಹಿಡಿದ. ಅವನು ಗುಡಿಸಿದ ಚಂದವನ್ನು ಏನು ಹೇಳುವುದು! ಕಸ ಇದ್ದಲ್ಲಿಂದ ಇಲ್ಲದಲ್ಲಿಗೆ ಪ್ರವಾಸ ಹೊರಟಿತು. ಪತ್ತೇದಾರನ ಕೈ ತನ್ನಷ್ಟಕ್ಕೇ ಮುಂದೆ ಹೋಯಿತು. ಹೀಗಲ್ಲಪ್ಪ, ಕೊಡಿಲ್ಲಿ ಎಂದು ಕಿತ್ತುಕೊಂಡಿದ್ದರೆ ಒಂದೇ ಬೀಸಿಗೆ ಮುಗಿಯುತ್ತಿತ್ತು. ಮಗಳು ಗೋಡೆಗೊರಗಿ ಅವನನ್ನೇ ನೋಡುತ್ತಿದ್ದಳು. ಅವನು ಕೈಯನ್ನು ಹಿಂದಕ್ಕೆಳೆದು ಜೇಬಿಗೆ ಹಾಕಿಕೊಂಡ. ಹುಡುಗ ಮೂಲೆ ಮೂಲೆ ತಡಕಾಡಿ, ಕಸ ಬಳಿದು, ಬುಟ್ಟಿಗೆ ಹಾಕಿ, "ಉಸ್ಸಪ್ಪಾ" ಎನ್ನುವವರೆಗೂ ಆ ಕೈ ಜೇಬಿನಲ್ಲೇ ಮುಷ್ಟಿ ಬಿಗಿದು ಕೂತಿತ್ತು.

ಮನೆಗೆ ಬಂದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಗಂಡನ ಪ್ಯಾಂಟಿನ ಮೊಣಕಾಲು ನೋಡಿದಳು. ಅವನ ಭುಜ ಹಿಡಿದು ತಿರುಗಿಸಿ ಬೆನ್ನು ನೋಡಿದಳು. ಬಿಳಿಯ ಪುಟ್ಟ ಅಂಗೈ, ಐದೂ ಬೆರಳು.

"ಯಾರ್ರೀ ನಿಮ್ಮನ್ನ ದಬ್ಬಿ ನೆಲ ಒರೆಸೋಕೆ ಹಚ್ಚಿದ್ದು?"

ಅವನು ಗೂಟದಿಂದ ತನ್ನ ಹಳೆಯ ನೀಲಿ ಅಂಗಿ ತೆಗೆದ. ಅವನಿಗಿದ್ದದ್ದೇ ಎರಡು. ಅದನ್ನು ಮಡಚಿ ಮಗಳ ಚೀಲಕ್ಕೆ ತುರುಕಿದ. "ನಾಳೆಯಿಂದ ಇದನ್ನ ಮೇಲೆ ಹಾಕ್ಕೋ."

"ಯಾಕಪ್ಪಾ, ಈ ಮಣ್ಣು ಹೋಗಲ್ವಾ?" ಅಂದಳು ಮಗಳು, ನಗು ತಡೆದುಕೊಳ್ಳುತ್ತ.

"ಹೋಗದೆ ಏನು! ಒಂದೇ ಉಜ್ಜಿಗೆ ಹೋಗುತ್ತೆ" ಅಂದ. ಬಾಗಿಲ ಹತ್ತಿರ ಹೋದವನು ತಿರುಗಿ ನಿಂತು ಕಣ್ಣು ಕಿರಿದು ಮಾಡಿದ. "ಅದಿರ್ಲಿ. ನಾಳೆ ಗುಡಿಸೋ ಸರದಿ ಯಾರ್ದು?"

"ನಂದು."

ಹೆಂಡತಿ ಗಂಡನ ಕಡೆ ತಿರುಗಿದಳು. ಎದೆ ತಟ್ಟಿಕೊಂಡು ಆಡಿದ ಮಾತು ಇಬ್ಬರಿಗೂ ನೆನಪಿತ್ತು. ಅವನು ಬಾಗಿಲಿನಿಂದ ಹಿಂದೆ ಬಂದು ಚೀಲದ ಪಟ್ಟಿ ಬಿಗಿದ.

"ಸರಿ. ನಾಡಿದ್ದು?"

"ಮ್ಯಾನೇಜರ್ ಮಗಳದ್ದು."

"ನಾಡಿದ್ದು ಬಂದು ನೋಡ್ತೀನಿ" ಅಂದ ಪತ್ತೇದಾರ. "ಯಾರಿಗೂ ಮೊದಲೇ ಹೇಳ್ಬೇಡ."