ಗುಡ್ಡದ ಮೇಲೆ ಎಪ್ಪತ್ತಮೂರು ಮನೆ

ನನಗೆ ನೋಟೀಸು ಬಂದಿದೆ. ಜನವಸತಿಯೇ ಇಲ್ಲದ ಗುಡ್ಡದ ಮೇಲೆ ಎಪ್ಪತ್ತಮೂರು ಮನೆಗಳಿವೆ ಎಂದು ಸರಕಾರಿ ನಮೂನೆಯಲ್ಲಿ ಸುಳ್ಳು ಬರೆದಿದ್ದೇನಂತೆ. ನನ್ನ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದು ಎಂಬುದಕ್ಕೆ ಏಳು ದಿನದೊಳಗೆ ಉತ್ತರ ಕೊಡಬೇಕಂತೆ. ಕೊಡದಿದ್ದರೆ ವರ್ಷದ ಸಂಬಳ ಬಡ್ತಿ ನಿಲ್ಲುತ್ತದೆ, ದೂರದ ಯಾವುದೋ ಶಾಲೆಗೆ ಎತ್ತಿಹಾಕುತ್ತಾರೆ.

ನಮ್ಮ ಬನಹಟ್ಟಿ ಶಾಲೆಯ ಹೆಡ್‌ಮಾಸ್ತರರು ಗಿರಿಮಲ್ಲಪ್ಪನವರು ಒಳ್ಳೆಯವರೇ. ಬಾಗಿಲು ಓರೆ ಮಾಡಿ ಮೆಲ್ಲಗೆ ಹೇಳಿದರು: "ಸುವರ್ಣಾ ಟೀಚರ್ರ, 'ಕಣ್ತಪ್ಪಿನಿಂದ ಆಗಿದೆ' ಅಂತ ಎರಡ ಸಾಲ ಬರದ ಕೊಟ್ಟಬಿಡ್ರಿ. ಹಾವೂ ಸಾಯಂಗಿಲ್ಲ, ಕೋಲೂ ಮುರಿಯಂಗಿಲ್ಲ."

ಕಣ್ತಪ್ಪಂತೆ ಕಣ್ತಪ್ಪು! ನನ್ನ ಎರಡೂ ಕಣ್ಣು ನೆಟ್ಟಗಿವೆ. ಆ ದಿನ ಗುಡ್ಡದ ಮೇಲೆ ಉಳಿದವರ ಕಣ್ಣಿಗೆ ಏನಾಗಿತ್ತು ಎಂದು ಯಾರೂ ನೋಟೀಸು ಕೊಟ್ಟು ಕೇಳುವುದಿಲ್ಲ.

ನಡೆದದ್ದು ಇಷ್ಟು. ಸರಕಾರಿ ಶಾಲೆಯ ಟೀಚರು ಎಂದರೆ ಕರೆದವರ ಹೊಲಕ್ಕೆಲ್ಲ ಹೋಗುವ ಬಿಟ್ಟಿ ಎತ್ತು. ಜನ ಎಣಿಸು, ದನ ಎಣಿಸು, ಯಾರ ಮನೆಯಲ್ಲಿ ಸಂಡಾಸವಿದೆ ಯಾರ ಮನೆಯಲ್ಲಿಲ್ಲ ಬರೆದುಕೊಂಡು ಬಾ. ಈ ಸಲ ಹೊಸದೊಂದು ಬಂತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿನ ಕಾಡು, ಉದ್ಯಾನ, ವಿಹಾರದ ಜಾಗಗಳನ್ನೆಲ್ಲ ನೋಡಿ, ಒಂದೊಂದಕ್ಕೆ ಒಂದೊಂದು ನಮೂನೆ ತುಂಬಿ ಕೊಡಬೇಕು. ಪ್ರವಾಸಿಗರಿಗೆಂದು ಪುಸ್ತಕ ಮಾಡುತ್ತಾರಂತೆ. ಇದು ಎರಡು ಸಾವಿರದ ಹನ್ನೆರಡು. ದಸರೆ ರಜೆ ಹಾಳಾಯಿತು ಎಂದು ಬೈದುಕೊಳ್ಳುತ್ತಲೇ ಸ್ಕೂಟಿ ತೆಗೆದೆ.

ಹಿಂದೆ ಅಪ್ಪ ಹತ್ತಿ ಕುಳಿತ. ಬೇಡವೆಂದರೂ ಕೇಳಲಿಲ್ಲ. ಅಪ್ಪನ ಹೆಸರು ಹೊಳೆಪ್ಪ. ಅರಣ್ಯದ ಕೆಲಸದಲ್ಲಿ ದಿನಗೂಲಿ ವಾಚರ್ ಆಗಿ ಇಪ್ಪತ್ತೆರಡು ವರ್ಷ ಗಿಡ ಬೆಳೆಸಿದವನು. ಕಾಯಂ ಆಗಲಿಲ್ಲ, ಅದನ್ನು ಹೇಳುತ್ತ ಕುಳಿತರೆ ಇನ್ನೊಂದು ಕತೆಯಾಗುತ್ತದೆ.

"ಬೇವಿಗೂ ಹುಣಸಿಗೂ ಫರಕ ತಿಳಿಯೂದಿಲ್ಲ ನಿನಗ. ಗಿಡದ ಹೆಸರ ತಪ್ಪ ಬರದಿ ಅಂದ್ರ ನನ್ನ ಮಾನಾ ಹೋಗತೈತಿ," ಎಂದ.

ಮೂರು ದಿನ ಸುತ್ತಿದೆವು. ಜಮಖಂಡಿ ಹೊರಗಿನ ಒಂದು ಮಕ್ಕಳ ಉದ್ಯಾನಕ್ಕೆ ಬೀಗ. ಕೀಲಿ ಗುತ್ತಿಗೆದಾರನ ಹತ್ತಿರ, ಗುತ್ತಿಗೆದಾರ ಕೊಲ್ಲಾಪುರದಲ್ಲಿ. ಗೇಟಿನ ಹೊರಗೆ ನಿಂತ ಹುಡುಗರು ಒಳಗಿನ ಜಾರುಬಂಡೆ ನೋಡುತ್ತಿದ್ದರು. ಮುಧೋಳದ ಕಡೆ ಒಂದರಲ್ಲಿ ಬಣ್ಣದ ಕಾರಂಜಿ ಇತ್ತು, ಕುಡಿಯಲು ಒಂದು ಲೋಟ ನೀರಿರಲಿಲ್ಲ. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು," ಎಂದು ಅಪ್ಪ ಕಾವಲುಗಾರನ ಎದುರಿಗೇ ಅಂದ. ರಬಕವಿಯ ಹತ್ತಿರ ಹೊಳೆದಂಡೆಯಲ್ಲಿ ಕಲ್ಲಿನ ಬೆಂಚು ಹಾಕಿದ್ದರು, ಎಲ್ಲವೂ ರಸ್ತೆಗೆ ಮುಖ ಮಾಡಿದ್ದವು. ಕೃಷ್ಣೆಗೆ ಬೆನ್ನು ಕೊಟ್ಟು ಲಾರಿ ನೋಡುತ್ತ ಕೂರಬೇಕು. ಇಂಥ ಬುದ್ಧಿವಂತರು ನಮ್ಮ ಜಿಲ್ಲೆಯಲ್ಲೇ ಹುಟ್ಟುತ್ತಾರೋ, ಹೊರಗಿನಿಂದ ತರಿಸುತ್ತಾರೋ ತಿಳಿಯದು.

ಒಂದೇ ಒಂದು ಕಡೆ ಮನಸ್ಸು ತಣ್ಣಗಾಯಿತು. ಮುಧೋಳದಿಂದ ಬೀಳಗಿಗೆ ಬರುವಾಗ ಕುರುಚಲು ಕಾಡಿನ ಅಂಚಿನಲ್ಲಿ ಅಪ್ಪ ನನ್ನ ಭುಜ ಒತ್ತಿ ಗಾಡಿ ನಿಲ್ಲಿಸಿದ. ಮೂರು ಚಿಂಕಾರ ಜಿಂಕೆಗಳು. ಮೇಕೆಗಿಂತ ತುಸು ದೊಡ್ಡವು, ಕಂದು ಬಣ್ಣ, ಕಿವಿ ನೆಟ್ಟಗೆ ಮಾಡಿ ನಮ್ಮನ್ನೇ ನೋಡಿದವು. ಆಮೇಲೆ ಅವಸರವಿಲ್ಲದೆ ಹೊರಟುಹೋದವು. ಅವುಗಳ ಬಗ್ಗೆ ಬರೆಯಲು ನಮೂನೆಯಲ್ಲಿ ಕಾಲಮ್ಮೇ ಇರಲಿಲ್ಲ. ಸಂಡಾಸಕ್ಕಿತ್ತು, ಪಾರ್ಕಿಂಗಿಗಿತ್ತು.

ನಾಲ್ಕನೆಯ ದಿನ ಬೀಳಗಿ ಕಡೆಯ ಹಿನ್ನೀರಿನ ಗುಡ್ಡ. ಅದು ನಮ್ಮ ಗುಡ್ಡ.

ನಮ್ಮೂರು ಹೊಳೆಸಂಕನಾಳ ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ತೊಂಬತ್ತೇಳರಲ್ಲಿ ಅಣೆಕಟ್ಟಿನವರು ಬಂದು ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಮನೆ ನಂಬರು ಬರೆದು ಹೋದರು. ಮೂರು ವರ್ಷದೊಳಗೆ ಊರು ಖಾಲಿ. ಜನ ತೊಲೆ, ಬಾಗಿಲು, ಚೌಕಟ್ಟು ಕಿತ್ತುಕೊಂಡು ಟ್ರ್ಯಾಕ್ಟರಿನಲ್ಲಿ ಪುನರ್ವಸತಿ ಕೇಂದ್ರಕ್ಕೆ ಹೋದರು. ಊರು ಖಾಲಿಯಾದ ವರ್ಷವೇ ಮಗ್ಗುಲ ಬೋಳುಗುಡ್ಡದ ಮೇಲೆ ಸಸಿ ನೆಡುವ ಕೆಲಸ ಅಪ್ಪನಿಗೆ ಬಂತು. ಸಾಲು ಹಿಡಿದು ನೆಡು ಎಂದರು. ಅಪ್ಪ ಸಾಲು ಹಿಡಿಯಲಿಲ್ಲ, ಊರು ಹಿಡಿದ. ಮನೆಗೊಂದು ಗಿಡ. ಯಾವ ಮನೆಯ ಪಕ್ಕ ಯಾವುದಿತ್ತೋ ಹಾಗೆಯೇ, ಓಣಿಗೆ, ಊರ ಅಗಸೆಬಾಗಿಲಿಗೆ ಜಾಗ ಬಿಟ್ಟು, ಎಪ್ಪತ್ತಮೂರು ಗಿಡ.

ಒಂದನ್ನು ಮಾತ್ರ ಬದಲಾಯಿಸಿದ. ಹಳೆಯ ಊರಿನಲ್ಲಿ ನಮ್ಮ ಕೇರಿಯ ಹತ್ತೊಂಬತ್ತು ಮನೆಗಳು ಹೊಳೆಯ ತಗ್ಗಿನಲ್ಲಿದ್ದವು. ಹೊಳೆ ತುಂಬಿದರೆ ಮೊದಲು ನೀರು ಬರುವುದು ನಮ್ಮ ಒಲೆಗೆ. ಸಾವುಕಾರ ರಾಚಪ್ಪನವರ ಮನೆತನದ ನಾಲ್ಕು ಮನೆ ದಿಬ್ಬದ ಮೇಲೆ. ಈ ಗುಡ್ಡಕ್ಕೆ ಸಮ ಎತ್ತರದ ಎರಡು ನೆತ್ತಿಗಳಿವೆ. ಒಂದು ನೆತ್ತಿಗೆ ಅಪ್ಪ ಸಾವುಕಾರರ ನಾಲ್ಕು ಗಿಡ ನೆಟ್ಟ. ಇನ್ನೊಂದು, ಪಶ್ಚಿಮದ ನೆತ್ತಿಗೆ ನಮ್ಮ ಕೇರಿಯನ್ನು ಒಯ್ದು ಇಟ್ಟ.

"ಇಲ್ಲಿಗಿ ಯಾ ಹೊಳಿ ಬರತೈತಿ ಬರಲಿ ನೋಡೂಣು," ಎಂದಿದ್ದ ಆಗ.

ಹಿನ್ನೀರಿನಿಂದ ಎರಡೆರಡು ಡಬ್ಬಿ ನೀರು ಹೆಗಲ ಮೇಲೆ ಹೊತ್ತು ಹತ್ತಿದ. ಹತ್ತು ಬೇಸಿಗೆ. ಒಂದೂ ಸಾಯಲಿಲ್ಲ. ಊರವರಿಗೆಲ್ಲ ಇದು ಗೊತ್ತು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ಬಂದು ತಮ್ಮ ತಮ್ಮ ಮನೆಯ ಗಿಡ ಹುಡುಕಿ ಅರಿಶಿನ ಕುಂಕುಮ ಹಚ್ಚುತ್ತಾರೆ. ರಾಚಪ್ಪನವರ ಹೆಂಡತಿ ಶಿವವ್ವ ತಮ್ಮ ಮನೆಯ ಹುಣಸೆಗೆ ಜೋಕಾಲಿ ಕಟ್ಟಿಸುತ್ತಾಳೆ.

ಆ ದಿನ ನಾವು ಹತ್ತುವಷ್ಟರಲ್ಲಿ ಮೇಲೆ ಇಬ್ಬರು ಕಾದಿದ್ದರು. ಒಬ್ಬರು ಪ್ರವಾಸಿ ಯೋಜನೆಯ ಸಾಹೇಬರು ಶಿದ್ರಾಮಪ್ಪ. ಇನ್ನೊಬ್ಬರು ಪುನರ್ವಸತಿ ಕೇಂದ್ರದ ಗ್ರಾಮ ಸಮಿತಿಯ ಅಧ್ಯಕ್ಷರು, ಅದೇ ರಾಚಪ್ಪನವರು. ಗುಡ್ಡದ ಮೇಲೆ ಪ್ರವಾಸಿಗರಿಗೆ ಹಿನ್ನೀರು, ಹಕ್ಕಿ ತೋರಿಸಲು ಗೋಪುರ ಕಟ್ಟುತ್ತಾರಂತೆ. ಸಾಹೇಬರು ನಮೂನೆಯನ್ನು ಪೆನ್ಸಿಲಿನಲ್ಲಿ ತಾವೇ ತುಂಬಿ ತಂದಿದ್ದರು. ನಾನು ಅದರ ಮೇಲೆ ಪೆನ್ನು ಆಡಿಸಿ ಸಹಿ ಹಾಕಿದರೆ ಮುಗಿಯಿತು.

ಓದಿದೆ. 'ಜನವಸತಿ ಇದೆಯೇ? ಇಲ್ಲ. ತೆರವುಗೊಳಿಸಬೇಕಾದದ್ದು: ಪಶ್ಚಿಮ ನೆತ್ತಿಯ ಜಾಲಿ ಪೊದೆ, ಹತ್ತೊಂಬತ್ತು.'

ಹತ್ತೊಂಬತ್ತು! ನಮ್ಮ ಕೇರಿಯ ಮನೆಯಷ್ಟೇ.

"ಜಾಲಿ ಪೊದಿ ಎಲ್ಲೈತ್ರಿ ಸರ್? ಇವು ಬೇವಿನ ಗಿಡ. ಎರಡ ಕೈ ಮುಷ್ಟಿಗೂ ಸಿಗಂಗಿಲ್ಲ, ಅಷ್ಟ ದಪ್ಪ ಆಗ್ಯಾವು."

"ಬೇವು ಅಂದ್ರ ಪರ್ಮಿಶನ್ ಬೇಕ್ರಿ ಮೇಡಂ, ಆರ ತಿಂಗಳ ಹೋಗತೈತಿ. ಜಾಲಿ ಅಂದ್ರ ನಾಳೆ ಕೆಲಸ ಚಾಲೂ," ಎಂದರು ಸಾಹೇಬರು, ನನಗೆ ಉಪಕಾರ ಮಾಡುವವರಂತೆ.

"ಆ ಕಡಿ ನೆತ್ತೀನೂ ಇಷ್ಟ ಎತ್ತರ ಐತಲ್ರಿ. ಅಲ್ಲೆ ನಾಕ ಗಿಡ ಅದಾವು. ನಾಕ ಬಿಟ್ಟು ಹತ್ತೊಂಬತ್ತ ಕಡಿಯೂದು ಯಾ ಲೆಕ್ಕ?"

ಸಾಹೇಬರು ರಾಚಪ್ಪನವರತ್ತ ಕೈ ತೋರಿಸಿದರು. "ನಮಗ ಎರಡೂ ನಡೀತಾವ್ರಿ. ಇದನ್ನ ಆರಿಸಿದ್ದು ಸಮಿತಿ."

ರಾಚಪ್ಪನವರು ಶಲ್ಯ ಸರಿಮಾಡಿಕೊಂಡರು. "ಅಲ್ಲೆ ಜೋಕಾಲಿ ಗಿಡ ಐತ್ವಾ. ಮನಿ ಹೆಣ್ಮಕ್ಕಳದು ಭಾವನಾ ಇರತಾವು. ಸುಮ್ನ ಯಾಕ ಅವರ ಕಣ್ಣಾಗ ನೀರ ತರಸೂದು?"

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ. ನಾನು ರಾಚಪ್ಪನವರತ್ತ ತಿರುಗಿದೆ. "ನಮ್ಮ ಕೇರಿ ಹೆಣ್ಮಕ್ಕಳಿಗೆ ಕಣ್ಣಿಲ್ಲೇನ್ರಿ? ಅವರಿಗೆ ನೀರ ಬರಂಗಿಲ್ಲೇನು? ಊರಾಗಿದ್ದಾಗ ತಗ್ಗಿನಾಗ ಇಟ್ರಿ. ನಮ್ಮಪ್ಪ ಮ್ಯಾಲ ತಂದ ಇಟ್ರ, ಇಲ್ಲಿಂದೂ ಎಬ್ಬಸ್ತೀರಿ!"

"ಗಿಡಕ್ಕ ಯಾಕ ಜಾತಿ ತರತಿಯವ್ವಾ? ಸಾಲಿ ಕಲಿಸಾಕಿ ನೀನು," ಎಂದರು ರಾಚಪ್ಪನವರು, ಬಹಳ ನೊಂದವರ ಹಾಗೆ.

ಜಾತಿ ತಂದವಳು ನಾನಂತೆ, ಕೇಳಿದಿರಾ! ಹತ್ತೊಂಬತ್ತನ್ನು ಬೆರಳಿಟ್ಟು ಆರಿಸಿದವರು ಅವರು, ಹೆಸರು ಹೇಳಿದ ನಾನು ಕೆಟ್ಟವಳು. ನಾನು ಕೂಗಿಯೇ ಬಿಟ್ಟೆ: "ಆ ನಾಕ ಕಡೀರಿ! ಈಗಿಂದೀಗ ಸೈ ಹಾಕತೇನಿ. ಕಡೀರಿ ನೋಡೂಣು!"

"ಏ ಹುಚ್ಚಿ, ಬಾಯಿ ಮುಚ್ಚು," ಎಂದ ಅಪ್ಪ.

ಅಲ್ಲಿಯವರೆಗೆ ಅವನು ಬೇವಿನ ಬೊಡ್ಡೆಗೆ ಕೈಯಿಟ್ಟು ನಿಂತಿದ್ದ. ಅದು ನಮ್ಮ ಮನೆ, ನನ್ನ ಅಜ್ಜಿ ಕೆಂಪವ್ವ ಬಾಳಿದ ಮನೆ. ಅಪ್ಪ ರಾಚಪ್ಪನವರ ಎದುರಿಗೆ ಬಂದ. ಯಾವಾಗಲೂ ನಾಲ್ಕು ಮಾರು ದೂರ ನಿಂತು ಮಾತನಾಡುವವನು, ಆ ದಿನ ಹತ್ತಿರ ಹೋದ.

"ಸಾವ್ಕಾರ್ರ, ನಿಮ್ಮ ಭಾವಿಗೆ ನಮ್ಮವ್ವ ಒಂದ ದಿನಾನೂ ಹಗ್ಗಾ ಬಿಡಲಿಲ್ಲ. ಕೊಡಾ ಇಟ್ಟ ದೂರ ನಿಂದರತಿದ್ಲು. ನಿಮ್ಮ ಮನ್ಯಾವ್ರು ಯಾರರೆ ಬಂದ ಮ್ಯಾಲಿಂದ ನೀರ ಹೊಯ್ದ್ರ ನಮಗ ನೀರು, ಇಲ್ಲಾಂದ್ರ ಇಲ್ಲ. ಮಧ್ಯಾಹ್ನತನಕ ನಿಂತದ್ದ ನಾ ನೋಡೇನಿ. ಇಲ್ಲೆ ಹತ್ತ ವರ್ಷ ನಿಮ್ಮ ಮನಿಗೆ ನೀರ ಹೊಯ್ದಾಂವ ನಾನು. ಒಂದ ದಿನಾನೂ ನಿಂದರಿಸಲಿಲ್ಲ. ಹೋಗಿ ನೋಡ್ರಿ, ಈ ಗುಡ್ಡದಾಗ ಎಲ್ಲಾಕ್ಕಿಂತ ದೊಡ್ಡ ಗಿಡಾ ನಿಮ್ದ ಐತಿ."

"ಹಳೇದೆಲ್ಲಾ ಈಗ್ಯಾಕ ಹೊಳೆಪ್ಪಾ," ಎಂದರು ರಾಚಪ್ಪನವರು. ಚಪ್ಪಲಿ ಸದ್ದು ಮಾಡುತ್ತ ಗುಡ್ಡ ಇಳಿದು ಹೋದರು. ಹುಣಸೆಯ ಕಡೆ ತಿರುಗಿಯೂ ನೋಡಲಿಲ್ಲ. ಆರಿಸಿದ್ದನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

"ಮೇಡಂ, ಸೈ?" ಎಂದರು ಸಾಹೇಬರು.

ನಾನು ಟೀಚರು. ನನ್ನ ಪರ್ಸಿನಲ್ಲಿ ಯಾವಾಗಲೂ ರಬ್ಬರು ಇರುತ್ತದೆ. ಅದನ್ನು ತೆಗೆದು ಕಲ್ಲಿನ ಮೇಲೆ ಕುಳಿತು ಅವರ ಜಾಲಿ ಪೊದೆಯನ್ನು ಅಳಿಸಿದೆ. 'ತೆರವುಗೊಳಿಸಬೇಕಾದದ್ದು: ಏನೂ ಇಲ್ಲ' ಎಂದು ಪೆನ್ನಿನಲ್ಲಿ ಬರೆದೆ. ಜನವಸತಿಯ ಕಾಲಮ್ಮಿನಲ್ಲಿದ್ದ 'ಇಲ್ಲ'ವನ್ನೂ ಉಜ್ಜಿ ತೆಗೆದೆ. 'ಇದೆ. ಎಪ್ಪತ್ತಮೂರು ಮನೆ' ಎಂದು ಬರೆದು ಸಹಿ ಹಾಕಿದೆ. ಸಾಹೇಬರ ಮುಖ ಸಣ್ಣದಾಯಿತು. ಜನವಸತಿ ಇದೆ ಎಂದು ಒಮ್ಮೆ ಕಾಗದಕ್ಕೆ ಬಿದ್ದ ಮೇಲೆ ವಿಚಾರಣೆಯಾಗದೆ ಅಲ್ಲಿ ಗುದ್ದಲಿ ಹಾಕುವಂತಿಲ್ಲ.

ಹಾಗಾಗಿ ಈ ನೋಟೀಸು. ನಾನು ಕಣ್ತಪ್ಪು ಎಂದು ಒಪ್ಪಿಕೊಂಡರೆ ನನ್ನ ನೌಕರಿಗೆ ತೊಂದರೆಯಿಲ್ಲ, ಮರುದಿನವೇ ಕೊಡಲಿ ಗುಡ್ಡ ಹತ್ತುತ್ತದೆ. ಇದನ್ನು ಅಪ್ಪನಿಗೂ ಬಿಡಿಸಿ ಹೇಳಿದೆ.

"ನಿನ್ನ ನೌಕರಿ ನೀ ನೋಡ್ಕೋ ಯವ್ವಾ," ಎಂದ. ಆಮೇಲೆ ತಾನೇ, "ಉತ್ತರಾ ಬರಿಯೂದಾದ್ರ ಹೆಸರ ನಾ ಹೇಳತೇನಿ," ಎಂದ.

ನಿನ್ನೆ ಶಾಲೆ ಬಿಟ್ಟ ಮೇಲೆ ಉತ್ತರ ಬರೆಯಲು ಮನೆಯಲ್ಲಿ ಕುಳಿತೆವು. ಓಣಿಯ ತುಂಬ ಮಗ್ಗದ ಸದ್ದು, ಅಪ್ಪ ಗಟ್ಟಿಯಾಗಿ ಹೇಳಬೇಕಾಯಿತು. ಪಶ್ಚಿಮ ನೆತ್ತಿಯಿಂದ ಶುರು ಮಾಡಿದ. ಒಂದನೆಯದು ಕೆಂಪವ್ವನ ಮನೆ, ಬೇವು. ಎರಡನೆಯದು ಸಾತಪ್ಪನ ಮನೆ, ಬೇವು. ಆಮೇಲೆ ಇಳಿಜಾರು, ಓಣಿಯ ನಂತರ ಓಣಿ. ಕಂಬಾರರ ಪರಸಪ್ಪನ ಮನೆ, ಬನ್ನಿ. ಯಾರ ಬಾಗಿಲ ಮೇಲೆ ಯಾವ ನಂಬರು ಬರೆದಿದ್ದರು ಎಂಬುದೂ ಅವನಿಗೆ ನೆನಪಿತ್ತು. ನಾನು ಬರೆಯುತ್ತ ಹೋದೆ. ಎಪ್ಪತ್ತೆರಡು ಆಯಿತು.

"ಎಪ್ಪತ್ಮೂರು. ರಾಚಪ್ಪ ಸಾವ್ಕಾರ್ರ ಮನಿ. ಹುಣಸಿ."

ನಾನು ಪೆನ್ನು ಕೆಳಗಿಟ್ಟೆ. "ಅವರ ಹೆಸರ ನಾ ಬರಿಯಂಗಿಲ್ಲ. ನಮ್ಮ ಮನಿ ಕಡೀರಿ ಅಂತ ಬೆರಳ ಮಾಡಿ ತೋರಿಸಿದ ಮನಶ್ಯಾ ಅಂವ. ಅವನ ಮನಿ ಉಳಸಾಕ ನಾ ನೌಕರಿ ಪಣಕ್ಕ ಹಚ್ಚಬೇಕೇನು?"

ಅಪ್ಪ ನನ್ನ ಮೇಲೆ ರೇಗುತ್ತಾನೆ ಎಂದುಕೊಂಡೆ. ರೇಗಲಿಲ್ಲ. ಕೆಳಗಿಟ್ಟ ಪೆನ್ನನ್ನು ಎತ್ತಿ ನನ್ನ ಕೈಗೆ ಕೊಟ್ಟ.

"ಸಿಟ್ಟ ನನಗೂ ಐತಿ ಬೇ. ಆದ್ರ ಬರಿ. ಅದನ್ನ ಬಿಟ್ರ ನೀ ಬರದದ್ದ ಸುಳ್ಳ ಆಗತೈತಿ. ಎಪ್ಪತ್ಮೂರಕ್ಕ ನೀರ ಹೊತ್ತೇನಿ ನಾ."

ಬರೆದೆ. ಅಪ್ಪ ಕೆಳಗೆ ತನ್ನ ಸಹಿಯನ್ನೂ ಹಾಕಿದ. ಇವತ್ತು ಬೆಳಿಗ್ಗೆ ಅದನ್ನು ಗಿರಿಮಲ್ಲಪ್ಪನವರ ಮೇಜಿನ ಮೇಲಿಟ್ಟೆ. ಅವರು ಎರಡು ಸಾಲು ಇರಬಹುದೆಂದು ಕನ್ನಡಕ ಹಾಕಿಕೊಂಡರು, ನಾಲ್ಕು ಹಾಳೆ ಇತ್ತು.