ವಿಚಾರಿಸಲು ಬಂದವರು

ರಶ್ಮಿ ಫೋನಿನಲ್ಲಿ ಗೆಳತಿಗೆ, "ಸ್ಪಿಲ್ ದ ಟೀ ಮಾರಾಯ್ತಿ, ಬೇಗ!" ಎನ್ನುತ್ತಿದ್ದಳು. ಹಾಗಂದರೇನು ಎಂದು ಅವಳ ಅಮ್ಮ ಶಿವಗಂಗಮ್ಮನವರು ಕೇಳಿದರು. ನಾನು ಅಡುಗೆಮನೆ ಬಾಗಿಲಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದೆ.

"ಟೀ ಚೆಲ್ಲು ಅಂದ್ರೆ, ಯಾರದ್ದಾದ್ರೂ ಗುಟ್ಟು ಗೊತ್ತಿದ್ರೆ ಹೇಳು ಅಂತ. ಎಲ್ಲಾ ಸುದ್ದಿಗೂ ಹಾಗನ್ನಲ್ಲಮ್ಮ, ಖಾರ ಇರ್ಬೇಕು. ಯಾರು ಯಾರ ಜೊತೆ ಓಡಾಡ್ತಾರೆ, ಯಾರ ಮದುವೆ ಮುರೀತು, ಅಂಥದ್ದು."

"ಅದಕ್ಕೂ ಇಂಗ್ಲಿಷ್ ಬೇಕಾ?" ಶಿವಗಂಗಮ್ಮನವರು ನಕ್ಕರು. "ನಮ್ಮ ಕಾಫಿ ಪಿಕಿಂಗ್ ಹೆಂಗಸರು ಒಂದು ಗಿಡ ಬಿಡಿಸೋದ್ರೊಳಗೆ ಒಂದು ಸಂಸಾರ ಬಿಡಿಸಿರ್ತಾರೆ."

ಶಾಲೆ ಬಿಟ್ಟಾಗಿನಿಂದ ನಾನು ವಸ್ತಾರೆ ಹತ್ತಿರದ ಈ ಎಸ್ಟೇಟ್ ಮನೆಯಲ್ಲೇ ಕೆಲಸಕ್ಕಿದ್ದೇನೆ. ಆ ವಾರ ನನಗೊಂದು ಸಂಬಂಧ ಬಂದಿತ್ತು. ಹುಡುಗ ಹಾಲೇಶ್, ಆಲ್ದೂರಿನಲ್ಲಿ ಬೈಕ್ ರಿಪೇರಿ ಅಂಗಡಿ. ಅವ್ವನ ಜೊತೆ ಹೋದಾಗ ನೋಡಿದ್ದೆ. ಮಾತಾಡುವಾಗ ನೆಲ ನೋಡುತ್ತಿದ್ದ, ನನ್ನ ಹಾಗೆ. ಅದಕ್ಕೇ ಇಷ್ಟವಾಗಿದ್ದ. ಅವನ ತಾಯಿ ನನ್ನ ಬಗ್ಗೆ ವಿಚಾರಿಸಲು ಅವತ್ತು ಇಲ್ಲಿಗೇ ಬರುವುದಿತ್ತು.

ವಿಚಾರಿಸಲು ಬಂದವರ ಮುಂದೆ ನಮ್ಮೂರಲ್ಲಿ ಯಾರೂ ಹುಡುಗಿಯ ಬಗ್ಗೆ ಕೆಟ್ಟದ್ದು ಆಡುವುದಿಲ್ಲ. ಪಾಪ ಸುತ್ತಿಕೊಳ್ಳುತ್ತದೆಂದು ಹೆದರಿಕೆ. ಒಳ್ಳೆಯವಳಾದರೆ ಒಳ್ಳೆಯವಳು ಎನ್ನುತ್ತಾರೆ. ಇಲ್ಲದಿದ್ದರೆ "ನಮಗೆ ಗೊತ್ತಿಲ್ಲ" ಎನ್ನುತ್ತಾರೆ. ಬಂದವರು ತಿಳಿದುಕೊಂಡು ಎದ್ದುಹೋಗುತ್ತಾರೆ.

ಮಧ್ಯಾಹ್ನ ಹಾಲೇಶನ ತಾಯಿ ಬಂದರು. ನಾನು ಒಳಗೆ ಕಾಫಿ ಸೋಸುತ್ತಾ ಕಿವಿಯಾಗಿದ್ದೆ.

"ಹುಡುಗಿ ನಿಮ್ಮ ಕಣ್ಣೆದುರೇ ಬೆಳೆದೋಳಂತೆ. ಹೇಗಮ್ಮ ಗುಣ?"

ಶಿವಗಂಗಮ್ಮನವರು ಎಲೆಗೆ ನಿಧಾನವಾಗಿ ಸುಣ್ಣ ಹಚ್ಚಿದರು. "ನಮಗೆ ಗೊತ್ತಿಲ್ಲಮ್ಮ. ಬರ್ತಾಳೆ, ಕೆಲಸ ಮಾಡ್ತಾಳೆ, ಹೋಗ್ತಾಳೆ."

"ಇಷ್ಟು ವರ್ಷ ಇಟ್ಕೊಂಡು ಗೊತ್ತಿಲ್ಲ ಅಂದ್ರೆ?"

"ಒಲೆ ಮುಂದೆ ಇರೋವಷ್ಟು ಹೊತ್ತು ಗೊತ್ತು. ಆಮೇಲಿಂದು ನಾವು ಯಾಕೆ ಕೇಳೋಣ?"

ರಶ್ಮಿ ಕಿಸಕ್ಕನೆ ನಕ್ಕಳು.

ಹಾಲೇಶನ ತಾಯಿ ಹೊರಡಲು ಚೀಲಕ್ಕೆ ಕೈ ಹಾಕಿದ್ದು ಕಂಡಿತು. ನಾನು ಹೊರಗೆ ಬಂದುಬಿಟ್ಟೆ. ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು.

"ನನ್ನಲ್ಲಿ ಏನು ತಪ್ಪು ಕಂಡಿದ್ದೀರಿ ಅಮ್ಮಾವ್ರೇ? ಇವರ ಎದುರೇ ಹೇಳಿ."

ಶಿವಗಂಗಮ್ಮನವರು ನನ್ನ ಕಡೆ ತಿರುಗಲಿಲ್ಲ. ಬಂದವರ ಮುಖ ನೋಡಿ, ನೋಡಿದಿರಲ್ಲ ಎನ್ನುವಂತೆ ತಲೆಯಾಡಿಸಿದರು.

"ಗೊತ್ತಾಯ್ತು ಬಿಡಿ," ಹಾಲೇಶನ ತಾಯಿ ಎದ್ದರು. "ಹಿರಿಯರ ಮಾತಿಗೆ ಬಾಯಿ ಹಾಕೋಳು. ನಮ್ಮ ಹುಡುಗ ಮೊದಲೇ ಮೆತ್ತಗಿನವನು, ಇವಳು ಅವನನ್ನ ನುಂಗಿ ನೀರು ಕುಡೀತಾಳೆ."

ಅವರು ಗೇಟು ದಾಟುವ ಮೊದಲೇ ರಶ್ಮಿ ಫೋನೆತ್ತಿಕೊಂಡು ಮಹಡಿಗೆ ಓಡಿದಳು. ಅವಳ ನಗು ಮೆಟ್ಟಿಲ ಮೇಲೆಲ್ಲ ಕೇಳುತ್ತಿತ್ತು.

ಶಿವಗಂಗಮ್ಮನವರು ಹತ್ತಿರ ಬಂದು ನನ್ನ ಬೆನ್ನು ಸವರಿದರು. "ಅಳಬೇಡ. ಪಿಕಿಂಗ್ ಈಗ ತಾನೇ ಶುರುವಾಗಿದೆ, ಹೋಮ್‌ಸ್ಟೇಗೂ ಜನ ತುಂಬಿದ್ದಾರೆ. ಈಗ ನೀನೂ ಹೋದ್ರೆ ನನ್ನ ಗತಿ ಏನು ಹೇಳು? ಮುಂದಿನ ವರ್ಷ ನಾನೇ ನಿಂತು ಮದುವೆ ಮಾಡಿಸ್ತೀನಿ."

ಆಮೇಲೆ ಜಗಲಿಗೆ ಹೋಗಿ ನಮ್ಮವ್ವನಿಗೆ ಫೋನ್ ಮಾಡಿದರು. "ನಾನು ಒಂದು ಮಾತೂ ಕೆಟ್ಟದ್ದು ಆಡ್ಲಿಲ್ಲ ಕಣೇ. ನಿನ್ನ ಮಗಳೇ ಬಂದು ಕೆಡಿಸ್ಕೊಂಡ್ಳು."

ಸ್ಪೀಕರ್ ಹಾಕಿದ್ದರು. ಅವ್ವ ಆ ಕಡೆಯಿಂದ, "ತಪ್ಪಾಯ್ತು ಅಮ್ಮಾವ್ರೇ, ಬುದ್ಧಿ ಇಲ್ಲದ ಹುಡುಗಿ, ಕೆಲಸದಿಂದ ಮಾತ್ರ ಬಿಡಿಸಬೇಡಿ," ಎಂದು ಬೇಡಿಕೊಳ್ಳುತ್ತಿದ್ದಳು.