ಇಗರ್ಜಿಯ ಗಾರೆ ಮೇಸ್ತ್ರಿ ದೊಡ್ಡಮುನಿಯಪ್ಪ

ದೊಡ್ಡಮುನಿಯಪ್ಪ ನಡೆಯುವಾಗ ನೆಲ ನೋಡುತ್ತಿರಲಿಲ್ಲ. ಅರವತ್ತರ ಹತ್ತಿರದ ಆ ಗಾರೆ ಮೇಸ್ತ್ರಿಯ ಕಣ್ಣು ಸದಾ ಸೂರಿನ ಅಂಚಿನಲ್ಲೋ, ಕಮಾನಿನ ನೆತ್ತಿಯಲ್ಲೋ, ಗೋಡೆಗೆ ಗೋಡೆ ಕೂಡುವ ಮೂಲೆಯಲ್ಲೋ ನೆಟ್ಟಿರುತ್ತಿದ್ದುದರಿಂದ ದೇವನಹಳ್ಳಿಯ ಬೀದಿಗಳಲ್ಲಿ ಅವನು ಎಡವದ ಕಲ್ಲಿರಲಿಲ್ಲ, ಮೈಗೆ ತಾಕದ ಎಮ್ಮೆಯಿರಲಿಲ್ಲ. ಗಾರೆಯ ಮಂಕರಿ ಹೊತ್ತು ಹೊತ್ತು ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಇಳಿದಿತ್ತು. ಯಾವ ಕಾಲದಲ್ಲೋ ಒಬ್ಬ ಪಾದ್ರಿಗಳು ಕೊಟ್ಟ ಕರಿಯ ಕೋಟನ್ನು ಚೈತ್ರದ ಬಿಸಿಲಿನಲ್ಲೂ ಬಿಚ್ಚುತ್ತಿರಲಿಲ್ಲ. ಅದರ ಹರಿದ ಜೇಬಿನಿಂದ ಗಾರೆ ಬಳಿಯುವ ಕರಣೆಯ ಹಿಡಿ ಸದಾ ಇಣುಕುತ್ತಿತ್ತು. ಮಾತು ಕಡಿಮೆ. ಆಡಿದರೆ ಅದರ ಬಾಲಕ್ಕೆ "ಗ್ವಾಡೆ ಸುಳ್ಳೇಳಾಕಿಲ್ಲ" ಎಂಬುದೊಂದು ಅಂಟಿಕೊಂಡೇ ಬರುತ್ತಿತ್ತು.

ಬಳ್ಳಾರಿ ರಸ್ತೆಯಿಂದ ಕುಂದಾಣದ ಕಡೆಗೆ ತಿರುಗುವಲ್ಲಿದ್ದ ಇಗರ್ಜಿಯನ್ನು ಕಟ್ಟಿದವರಲ್ಲಿ ಅವನ ತಾತನೇ ಹಿರಿಯ. ಮೊನಚು ಕಮಾನುಗಳು, ತೇಗದ ತೊಲೆಗಳು, ಮೂಲೆಯಲ್ಲಿ ಚೌಕನೆಯ ಗಂಟೆಗೋಪುರ. ಸುಣ್ಣವನ್ನು ತಿಂಗಳುಗಟ್ಟಲೆ ಕೊಳೆಹಾಕಿ, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ, ಎತ್ತಿನ ಗಾಣದಲ್ಲಿ ಬೆಣ್ಣೆಯಾಗುವಂತೆ ಅರೆದ ಗಾರೆ ಅದು. ಅನಂತರ ಮೂವತ್ತು ವರ್ಷಕ್ಕೆ, ಪ್ಲೇಗಿನ ದುರ್ದಿನಗಳು ಕಳೆದ ಮೇಲೆ, ಮಿಷನ್ನಿನವರು ಗೋಪುರಕ್ಕೆ ಒತ್ತಿದಂತೆ ಆಸ್ಪತ್ರೆ ಕಟ್ಟಿಸಿದರು. ಹೆಂಗಸರ ವಾರ್ಡಿಗೆ ಮೂರೇ ಹೊಸ ಗೋಡೆ, ನಾಲ್ಕನೆಯದು ಗೋಪುರದ್ದೇ. ಆ ಕೆಲಸವನ್ನು ನಿಂತು ಮಾಡಿಸಿದವನು ಇಪ್ಪತ್ತೇಳರ ದೊಡ್ಡಮುನಿಯಪ್ಪ. ಮೇಸ್ತ್ರಿಯೆನಿಸಿಕೊಂಡು ಕೈಹಾಕಿದ ಮೊದಲ ಕಟ್ಟಡ.

ಅಂದಿನಿಂದ ಅವನಿಗೊಂದು ವಿಚಿತ್ರ ವ್ರತ. ದಿನಾ ಬೆಳಿಗ್ಗೆ, ಊರಿನಲ್ಲಿದ್ದರೆ ತಪ್ಪದೆ, ಆಸ್ಪತ್ರೆಯ ಹಿಂದೆ ಹೋಗಿ ವಾರ್ಡಿನ ಉದ್ದಗೋಡೆ ಗೋಪುರವನ್ನು ಕೂಡುವ ಮೂಲೆಯಲ್ಲಿ ಅಂಗೈಯಿಟ್ಟು ಕಣ್ಣುಮುಚ್ಚಿ ನಿಲ್ಲುವುದು. ಕಂಡವರು ಮೇಸ್ತ್ರಿ ಒಳಗೊಳಗೇ ಕ್ರಿಸ್ತನನ್ನು ನಂಬಿದ್ದಾನೆಂದರು. ಹೆಂಡತಿ ಸೊಣ್ಣಮ್ಮ, "ಮನೆ ದ್ಯಾವ್ರಿಗೆ ಕೈ ಮುಗ್ಯಾಕೆ ಪುರ್ಸೊತ್ತಿಲ್ಲ, ಆ ಗ್ವಾಡೆಗೆ ದಿನಾ ಪೂಜೆ!" ಎಂದು ಸಿಡುಕುತ್ತಿದ್ದಳು. ಅವನು ಯಾರಿಗೂ ಉತ್ತರ ಕೊಡಲಿಲ್ಲ. ಆ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕೊಂದಿತ್ತು. ಅದರ ಮೇಲೆ ಅಡ್ಡಲಾಗಿ ಬೊಟ್ಟಿನಷ್ಟು ಸುಣ್ಣ ಮೆತ್ತಿಟ್ಟಿದ್ದ. ಗೋಡೆ ಅಲುಗಿದರೆ ಬೊಟ್ಟು ಸೀಳಬೇಕು. ಮೂವತ್ತೊಂದು ವರ್ಷ ಅದು ಸೀಳಿರಲಿಲ್ಲ.

ಸೀಳಿದ್ದು ನಲವತ್ತಮೂರನೆಯ ಇಸವಿಯ ಆಶ್ವೀಜದಲ್ಲಿ. ಒಂದು ವಾರದಿಂದ ಬಿಡದ ಮಳೆ. ಯುದ್ಧದ ಸಾಮಾನು ಹೊತ್ತ ಮಿಲಿಟರಿ ಲಾರಿಗಳು ರಸ್ತೆಯಲ್ಲಿ ಸಾಲುಗಟ್ಟಿ ಹೋದಾಗಲೆಲ್ಲ ಆಸ್ಪತ್ರೆಯ ಔಷಧಿ ಬಾಟಲಿಗಳು ಒಂದಕ್ಕೊಂದು ತಾಕಿ ಕಿಣಿಗುಟ್ಟುತ್ತಿದ್ದವು. ಬೆಳಿಗ್ಗೆ ಸೀಳಿದ್ದ ಬೊಟ್ಟನ್ನು ಕೆರೆದು ಹೊಸದು ಮೆತ್ತಿದ. ಮಧ್ಯಾಹ್ನ ನೋಡಿದರೆ ಅದೂ ಎರಡಾಗಿತ್ತು. ಬಿರುಕಿಗೆ ಕಿರುಬೆರಳು ಹೋಗುತ್ತಿತ್ತು.

ಒದ್ದೆ ಕೋಟಿನಲ್ಲೇ ಡಾಕ್ಟರ್ ರುಕ್ಮಿಣಮ್ಮನವರ ಮುಂದೆ ಹೋಗಿ ನಿಂತ. "ವಾರ್ಡು ಖಾಲಿ ಮಾಡ್ಸಿ ತಾಯಿ. ಈಗ್ಲೇ."

ಬೆಳಗಿನಿಂದ ನಿಂತೇ ಇದ್ದ ಆಕೆ ತಲೆಯೆತ್ತಿದರು. ವಾರ್ಡಿನಲ್ಲಿ ಹದಿನೆಂಟು ಮಂದಿ. ಅವರಲ್ಲಿ ವರಲಕ್ಷ್ಮಮ್ಮನೆಂಬಾಕೆಗೆ ಅಂದೇ ಬೆಳಿಗ್ಗೆ ಹೊಟ್ಟೆ ಕೊಯ್ದು ಮಗುವನ್ನು ತೆಗೆದಿದ್ದರು. "ಮೇಸ್ತ್ರಿ, ಹೋದ ತಿಂಗಳು ಇಂಜಿನಿಯರ್ ಬಂದು ನೋಡಿ, ಭದ್ರವಾಗಿದೆ ಅಂತ ಬರೆದುಕೊಟ್ಟಿದ್ದಾರೆ. ಆ ಹೆಂಗಸನ್ನ ಈಗ ಅಲುಗಿಸಿದರೆ ಹೊಲಿಗೆ ಬಿಚ್ಚಿ ಪ್ರಾಣಕ್ಕೇ ಬರಬಹುದು. ನಿಮ್ಮ ಅನುಮಾನಕ್ಕೆ ನಾನು ಅವಳನ್ನ ಒಡ್ಡಲೇ?"

"ಅನ್ಮಾನ ಅಲ್ಲ ತಾಯಿ."

"ಮತ್ತೇನು? ಗೋಡೆಯ ಒಳಗೆ ಏನಿದೆ ಅಂತ ನಿಮಗೆ ಹೇಗೆ ಗೊತ್ತು?"

ಸುತ್ತಿನಲ್ಲಿ ದೊಡ್ಡಮುನಿಯಪ್ಪ ಕಟ್ಟಿದ ಐವತ್ತು ಮನೆಗಳು ಅವನ ಹೆಸರಿನ ಮೇಲೆ ನಿಂತಿದ್ದವು. ಬಾಗಿಲಲ್ಲಿ ಆಯಾ ಪಾಪಮ್ಮ ನಿಂತು ಕೇಳುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೆ ಬಿದ್ದಂತೆಯೇ. ಹೊರಗೆ ಲಾರಿಗಳ ಸದ್ದು ದೂರದಲ್ಲಿ ಮೊದಲಾಯಿತು.

"ಆ ಮೂಲೆ ಕಟ್ಟಿದ್ದು ನಾನೇ," ಎಂದ. "ಹಳೇ ಗ್ವಾಡೇಲಿ ಸಾಲು ಬಿಟ್ಟು ಸಾಲು ಇಟ್ಗೆ ಕಿತ್ತು, ಹೊಸದನ್ನ ಹಲ್ಲಿಗೆ ಹಲ್ಲು ಕಚ್ಚಿಸ್ಬೇಕಿತ್ತು. ತಾತನ ಗಾರೆ ನನ್ನ ಉಳಿಗೆ ಬಗ್ಗಲಿಲ್ಲ. ಒಂದ್ ಇಟ್ಗೆ ಕೀಳಾಕೆ ಒಂದ್ ಹೊತ್ತು. ಆಸ್ಪತ್ರೆ ತೆರ್ಯಾಕೆ ದಿನ ಗೊತ್ತು ಮಾಡ್ಬಿಟ್ಟಿದ್ರು. ಎದೆಮಟ್ಟದಿಂದ ಮ್ಯಾಕೆ ಕಚ್ಚೇ ಇಲ್ಲ ತಾಯಿ. ಬರೀ ಗಾರೆ ಬಳಿದು ಮುಚ್ಚಿದೀನಿ."

ರುಕ್ಮಿಣಮ್ಮ ಬೈಯಲಿಲ್ಲ. "ಪಾಪಮ್ಮಾ, ಪಾದ್ರಿಗಳಿಗೆ ಇಗರ್ಜಿಯ ಪಕ್ಕದ ಬಾಗಿಲು ತೆಗೆಯೋಕೆ ಹೇಳು. ಬೆಂಚುಗಳನ್ನ ಜೋಡಿಸಲಿ," ಎಂದು ವಾರ್ಡಿನತ್ತ ನಡೆದರು.

ನಡೆಯಬಲ್ಲವರು ಜಗಲಿಯಲ್ಲಿ ಗೋಡೆ ಹಿಡಿದು ಹೊರಟರು. ಉಳಿದವರನ್ನು ಹೊತ್ತು ಸಾಗಿಸಿದರು. ಕಾವಲುಗಾರ ಬೈರಣ್ಣ ಆಸ್ಪತ್ರೆಯ ಕೆಂಪು ಕಂಬಳಿ ಬೀಸುತ್ತ ಲಾರಿಗಳನ್ನು ತಡೆಯಲು ರಸ್ತೆಗೆ ಓಡಿದ. ಮೇಸ್ತ್ರಿ ಎರಡು ಸರ್ವೆಮರದ ಕಂಬಗಳನ್ನು ತಂದು ಮೂಲೆಯ ತೊಲೆಗೆ ಊರೆಕೊಟ್ಟು, ಬುಡಕ್ಕೆ ಬೆಣೆ ಹೊಡೆದು, ಒಂದನ್ನು ತೋಳಿನಿಂದ ತಬ್ಬಿ ನಿಂತ. ಮೊದಲ ಲಾರಿ ಕೆಂಪು ಕಂಬಳಿಯನ್ನು ಲೆಕ್ಕಿಸದೆ ನುಗ್ಗಿತು. ತಲೆಯ ಮೇಲೆ ತೊಲೆ ನರಳಿತು. ಅವನ ಹೆಗಲಿಗೆ ಸುಣ್ಣದ ಹಕ್ಕಳೆ ಉದುರಿತು. ಎರಡನೆಯದು ಗಕ್ಕನೆ ನಿಂತಿತು.

ವರಲಕ್ಷ್ಮಮ್ಮನ ಮಂಚವನ್ನು ಆರು ಜನ ಎತ್ತಿದರು. ರುಕ್ಮಿಣಮ್ಮ ಅವಳ ಹೊಟ್ಟೆಯ ಮೇಲಿನ ಕಟ್ಟನ್ನು ಅಂಗೈಯಿಂದ ಒತ್ತಿಕೊಂಡೇ ನಡೆದರು. ಹಿಂದೆ ಪಾಪಮ್ಮನ ಸೆರಗಿನಲ್ಲಿ ಕೂಸು. ಬಾಗಿಲು ಇಪ್ಪತ್ತು ಹೆಜ್ಜೆ. ಹೊಸ್ತಿಲ ಬಳಿ ಡಾಕ್ಟರು ತಿರುಗಿ, "ಸಾಕು, ಬಂದುಬಿಡಿ ಮೇಸ್ತ್ರಿ!" ಎಂದು ಕೂಗಿದರು.

"ಮಂಚ ದಾಟ್ಲಿ ತಾಯಿ."

ಮಂಚ ದಾಟಿತು. ಮರುಗಳಿಗೆ ಕಂಬ ಅವನ ತೋಳಿನಲ್ಲಿ ನಡುಗಿ ಜಾರಿತು. ಬಾಗಿಲಿಗೆ ಓಡುವಷ್ಟು ಹೊತ್ತಿರಲಿಲ್ಲ; ಎರಡು ಹೆಜ್ಜೆ ಹಿಂದೆ ಗೋಪುರದ ಗೋಡೆಯಲ್ಲಿದ್ದ ಹಳೆಯ ಕಮಾನಿನ ಕೆಳಗೆ ನುಸುಳಿದ. ವಾರ್ಡಿನ ಉದ್ದಗೋಡೆ ಎದೆಮಟ್ಟದಿಂದ ಮೇಲೆ ಒಂದೇ ಹಲಗೆಯಂತೆ ಹೊರಕ್ಕೆ ಮಲಗಿತು. ತೊಲೆಯೂ ಹೆಂಚೂ ಒಳಕ್ಕೆ ಕುಸಿದವು. ಅವನ ತಾತ ಕಟ್ಟಿದ ಕಮಾನಿನಿಂದ ಒಂದು ಚೂರೂ ಉದುರಲಿಲ್ಲ. ಧೂಳಿನೊಳಗಿಂದ ಅಡಿಯಿಂದ ಮುಡಿಯವರೆಗೆ ಸುಣ್ಣವಾಗಿ ಹೊರಬಂದವನು ಕೇಳಿದ್ದು ಒಂದೇ ಮಾತು: "ಆಯಮ್ಮ ಹೆಂಗವ್ಳೆ?"

ವರಲಕ್ಷ್ಮಮ್ಮ ಬದುಕಿದಳು. ಹತ್ತು ದಿನ ಹೆಂಗಸರು ಇಗರ್ಜಿಯ ಬೆಂಚುಗಳ ಮೇಲೆಯೇ ಮಲಗಿದರು.

ಇಂಜಿನಿಯರು ಮತ್ತೆ ಬಂದು, ಅತಿವೃಷ್ಟಿಯೂ ಲಾರಿಗಳ ಅದುರಾಟವೂ ಕಾರಣವೆಂದು ಬರೆದರು. ರುಕ್ಮಿಣಮ್ಮನವರು ಅದಕ್ಕೆ ಒಂದಕ್ಷರ ಸೇರಿಸಲಿಲ್ಲ. ಪಾಪಮ್ಮ ಕೂಡ, ಊರಿಗೇ ಅಚ್ಚರಿಯಾಗುವಂತೆ, ಬಾಯಿ ಹೊಲಿದುಕೊಂಡಳು. ಮೇಸ್ತ್ರಿಗೆ ತಪ್ಪನ್ನು ಬಚ್ಚಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶವಿರಲಿಲ್ಲ. ಆದರೆ ಇಗರ್ಜಿಯ ಬೆಂಚುಗಳು ತೆರವಾದ ಮೇಲಿನ ಮೊದಲ ಭಾನುವಾರ ಪ್ರಾರ್ಥನೆ ಮುಗಿಸಿ ಜನ ಹೊರಬರುತ್ತಿದ್ದಾಗ ದೊಡ್ಡಮುನಿಯಪ್ಪ ಮೆಟ್ಟಿಲ ಮೇಲೆ ನಿಂತು, "ಮಳೆದೂ ಅಲ್ಲ, ಲಾರಿದೂ ಅಲ್ಲ, ಕೈ ತಪ್ಪು ನಂದು," ಎಂದುಬಿಟ್ಟ. ಕೆಲವರು ತಲೆತಗ್ಗಿಸಿ ಹೋದರು. ಒಬ್ಬಾತ ಕ್ಯಾಕರಿಸಿ ಉಗಿದ. ಅವನು ಕಟ್ಟಿದ ಮನೆಗಳವರು ತಂತಮ್ಮ ಗೋಡೆಗಳನ್ನು ಬಡಿದು ನೋಡಿಕೊಂಡರು. ಎರಡು ವರ್ಷ ಯಾರೂ ಕೆಲಸಕ್ಕೆ ಕರೆಯಲಿಲ್ಲ. ವಾರ್ಡನ್ನು ಹೊಸದಾಗಿ ಕಟ್ಟಲು ಸೂಲಿಬೆಲೆಯಿಂದ ಆಂಜಿನಪ್ಪನೆಂಬ ಮೇಸ್ತ್ರಿ ಬಂದ. ದೊಡ್ಡಮುನಿಯಪ್ಪ ದಿನಾ ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಗೋಡೆ ಎದೆಮಟ್ಟಕ್ಕೆ ಬಂದ ದಿನ ಆಂಜಿನಪ್ಪ ತಾನಾಗಿಯೇ ಉಳಿಯನ್ನು ಅವನತ್ತ ಚಾಚಿ, "ಇಲ್ಲಿಂದ ಮ್ಯಾಕೆ ನೀನೇ ಕೂರ್ಸಣ್ಣೋ," ಎಂದ. ಹಳೆಯ ಗೋಡೆಗೆ ಹೊಸದನ್ನು ಕಚ್ಚಿಸಲು ಮೂರು ವಾರ ಹಿಡಿಯಿತು.

ಕೈಕೆಲಸದವರಲ್ಲಿ ತಪ್ಪೇ ಮಾಡದವರನ್ನು ಲೋಕ ಹೊಗಳುತ್ತದೆ; ಅವರು ಅಪರೂಪ, ಹೊಗಳಲಿ. ಆದರೆ ಇನ್ನೊಂದು ಜಾತಿಯ ಜನವುಂಟು. ಹರೆಯದ ಒಂದು ಅವಸರವನ್ನು ಗಾರೆ ಬಳಿದು ಮುಚ್ಚಿ, ಆಮೇಲೆ ಬದುಕಿಡೀ ಅದರ ಎದುರು ಕಾವಲು ನಿಲ್ಲುವವರು. ತಪ್ಪನ್ನು ಹೇಳುವ ಧೈರ್ಯ ಅವರಿಗೆ ಬೇಗ ಬರುವುದಿಲ್ಲ. ಬಿಟ್ಟುಹೋಗುವ ಧೈರ್ಯವಂತೂ ಬರುವುದೇ ಇಲ್ಲ. ಅವರ ಮೌನವನ್ನು ಕ್ಷಮಿಸುವುದು ಸುಲಭವಲ್ಲ, ಕ್ಷಮಿಸಲೇಬೇಕೆಂದೂ ಇಲ್ಲ. ಆದರೂ ನಾವು ನಿಶ್ಚಿಂತೆಯಿಂದ ಮಲಗುವ ಎಷ್ಟೋ ಸೂರುಗಳ ಕೆಳಗೆ, ನಮಗೆ ತಿಳಿಯದಂತೆ, ಅಂಥವರೊಬ್ಬರ ನಿದ್ದೆಗೆಟ್ಟ ಎಚ್ಚರವೇ ಊರೆಗಂಬವಾಗಿ ನಿಂತಿರುತ್ತದೆ.